ಕೊಡೆಯಮ್ಮ ದೋಣಿ ಹತ್ತಿದ್ದು

ಯಾರು ಏನು ಕೇಳಿದರೂ ‘ಕೊಡೆ’ ಅನ್ನದ ಹೆಂಗಸಿಗೆ ಊರವರು ಇಟ್ಟ ಹೆಸರು ಕೊಡೆಯಮ್ಮ. ಬೇಕೆಂದೇ ಮಾಡಿದ ತಮಾಷೆಯೇನಲ್ಲ. ಗಂಡನ ಮನೆಯವರದು ಕೊಡೆ ಹೊಲಿಯುವ ಸಣ್ಣ ಅಂಗಡಿ. ಗಂಡ ಹೋದ ಮೇಲೆ ಆಕೆ ಅದನ್ನು ಕೈಗೆ ತೆಗೆದುಕೊಂಡಳು, ಅಂಗಡಿ ಕಾರ್ಖಾನೆಯಾಯಿತು, ಕಾರ್ಖಾನೆ ಮರಿ ಹಾಕಿತು, ಮಳೆ ಬೀಳುವಲ್ಲೆಲ್ಲ ಆಕೆಯ ಕೊಡೆ ಬಿಚ್ಚಿಕೊಂಡಿತು. ಬಂದದ್ದನ್ನು ಎರಡೂ ಕೈಯಲ್ಲಿ ಕೊಟ್ಟಳು. ಆಸ್ಪತ್ರೆಗೆ ಕೊಟ್ಟಳು, ಶಾಲೆಗೆ ಕೊಟ್ಟಳು, ದಿಕ್ಕಿಲ್ಲದ ಮುದುಕರಿಗೆ ಮನೆ ಕಟ್ಟಿಸಿದಳು. ಕೊಟ್ಟಿದ್ದನ್ನು ಹೇಳಿಕೊಂಡು ತಿರುಗುವ ಪೈಕಿ ಅಲ್ಲ. ಆ ಕೆಲಸವನ್ನು ಸೊಸೆ ವಹಿಸಿಕೊಂಡಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು.

ಆದರೆ ಕೊಡೆಯಮ್ಮನ ದಾನಕ್ಕೆ ಒಂದು ಬಾಲ ಇದ್ದೇ ಇರುತ್ತಿತ್ತು. ಆಕೆ ಕಟ್ಟಿಸಿದ ಕಟ್ಟಡಕ್ಕೆ ನೆಲಮಾಳಿಗೆ ಇರಬಾರದು. ಪ್ರತಿ ಕೋಣೆಗೂ ಎರಡು ಬಾಗಿಲಿರಬೇಕು, ಎರಡೂ ಹೊರಕ್ಕೆ ತೆರೆಯಬೇಕು. ಮೇಷ್ಟ್ರು ಒಂದು ಬಾಗಿಲಿಂದ ಬಂದರೆ ಹುಡುಗರು ಇನ್ನೊಂದರಿಂದ ಪರಾರಿಯಾಗುತ್ತಾರೆ ಎಂದು ಶಾಲೆಯ ಹೆಡ್‌ಮಾಸ್ಟರು ಗೋಳು ತೋಡಿಕೊಂಡರೂ ಆಕೆ ಜಗ್ಗಲಿಲ್ಲ. ಮನೆಯಲ್ಲಂತೂ ಇನ್ನೊಂದು ಕಟ್ಟಳೆ. ಯಾರೂ ಬಾಗಿಲು ತಟ್ಟುವಂತಿಲ್ಲ. ಬಂದವರು ಕೆಮ್ಮಬೇಕು, ಇಲ್ಲವೇ ಹೆಸರು ಹಿಡಿದು ಕೂಗಬೇಕು. ಹೊಸ ಪೋಸ್ಟ್‌ಮ್ಯಾನ್ ಒಮ್ಮೆ ತಿಳಿಯದೆ ಬಾಗಿಲು ಬಡಿದಾಗ ಕೊಡೆಯಮ್ಮ ಊಟದ ತಟ್ಟೆ ಬಿಟ್ಟೆದ್ದು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ದೊಡ್ಡವರ ಮನೆಯ ಚಾಳಿ ಎಂದು ಜನ ನಕ್ಕರು. ನಗುವವರಿಗೇನು ಕಷ್ಟ, ನಗಬಹುದು.

ಮದುವೆಯಾದ ಹೊಸತರಲ್ಲಿ ಆಕೆ ಹೋಗುತ್ತಿದ್ದ ಹಡಗು ಮುಳುಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಜೊತೆಯಲ್ಲಿ ಅಕ್ಕ ಇದ್ದಳು. ಅಕ್ಕನಿಗೆ ಸಮುದ್ರ ಆಗಿಬರದೆ ಕೆಳಗಿನ ಕೋಣೆಯಲ್ಲಿ ತಲೆ ಹಿಡಿದುಕೊಂಡು ಮಲಗಿದ್ದಳು. “ಊರು ಕಂಡ್ಮೇಲೆ ಕರಿ, ಬರ್ತೀನಿ” ಎಂದಿದ್ದಳು. ಊರು ಕಂಡಿತು. ಕರೆದುಕೊಂಡು ಹೋಗಲು ಬಂದ ನೆಂಟರು ಬಂದರಿನಲ್ಲಿ ನಿಂತು ಕೈಬೀಸುತ್ತಿದ್ದರು. ಅವರನ್ನು ನೋಡಲು ಹಡಗಿನ ಜನವೆಲ್ಲ ಒಂದೇ ಪಕ್ಕಕ್ಕೆ ನುಗ್ಗಿದರು, ಹಡಗು ಆ ಪಕ್ಕಕ್ಕೆ ವಾಲಿತು. ಯಾರೋ “ಮುಳುಗ್ತಿದೀವಿ” ಎಂದು ಕಿರುಚಿದ. ಅಷ್ಟೂ ಜನ ಎದುರು ಪಕ್ಕಕ್ಕೆ ಓಡಿದರು, ಹಡಗು ತೂಗಿಕೊಂಡು ಹೋಗಿ ಅತ್ತ ಮಗುಚಿತು. ಬಿರುಗಾಳಿಯಿಲ್ಲ, ಬಂಡೆಯಿಲ್ಲ. ಒಳ್ಳೆಯ ಬಿಸಿಲಿನ ಬೆಳಗ್ಗೆ, ನೆಂಟರ ಕಣ್ಣೆದುರಿಗೆ.

ಜನಕ್ಕೆ ಗೊತ್ತಿದ್ದದ್ದು ಇಷ್ಟೇ. ಗೊತ್ತಿಲ್ಲದ್ದು ಮುಂದಿನದು. ನೀರಿನಿಂದ ತಲೆಯೆತ್ತಿದ ಕೊಡೆಯಮ್ಮ ಬೋರಲಾಗಿ ತೇಲುತ್ತಿದ್ದ ಹಡಗಿನ ಹೊಟ್ಟೆಯ ಮೇಲೆ ಹತ್ತಿ ಕುಳಿತಳು. ಕೂತ ಜಾಗದ ಕೆಳಗಿನಿಂದ, ಕಬ್ಬಿಣದ ತಗಡಿನ ಆಚೆಯಿಂದ, ಯಾರೋ ಬಡಿಯುತ್ತಿದ್ದರು. ಆಕೆಯ ತೊಡೆಗೆ ತಾಗುತ್ತಿತ್ತು. ಆಕೆ ಮುಷ್ಟಿ ಕಟ್ಟಿ ತಿರುಗಿ ಬಡಿದಳು. ಒಳಗಿನವರಿಗೆ ಹೋದ ಜೀವ ಬಂದಂತಾಗಿ ಇನ್ನೂ ಜೋರಾಗಿ ಬಡಿದರು. ಆ ತಗಡನ್ನು ಸೀಳಲು ಆಕೆಯ ಕೈಯಲ್ಲಿ ಏನಿತ್ತು, ಉಗುರಿತ್ತು. ಆಮೇಲೆ ಒಂದು ದೋಣಿ ಬಂತು, ಯಾರೋ ರಟ್ಟೆ ಹಿಡಿದು ಆಕೆಯನ್ನು ಎಳೆದುಕೊಂಡರು. ಆಕೆ ಎದ್ದುಹೋಗುವಾಗಲೂ ಬಡಿತ ನಿಂತಿರಲಿಲ್ಲ. ಕಬ್ಬಿಣ ಕೊಯ್ಯುವ ಯಂತ್ರ ತರುವಷ್ಟರಲ್ಲಿ ಹಡಗು ತಳ ಸೇರಿತ್ತು. ಬಡಿದವರಲ್ಲಿ ಅಕ್ಕ ಇದ್ದಳೋ ಇಲ್ಲವೋ ದೇವರೇ ಬಲ್ಲ. ಇದನ್ನು ಆಕೆ ಗಂಡನಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಇಂಥವಳು ಊರಿಗೆ ದೋಣಿ ಕೊಡಲು ಹೊರಟಳೆಂದರೆ ಸುಮ್ಮನೆ ಅಲ್ಲ. ಕಾರ್ಖಾನೆಯಲ್ಲಿ ಕೊಡೆ ಹೊಲಿಯುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹೊಳೆಯ ಆಚೆ ದಡದವರು. ಹೊಳೆ ಸಮುದ್ರ ಸೇರುವ ಜಾಗ ಅದು, ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ಮನೆಗಳು ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ಅವರು ತೇಪೆ ಹಾಕಿದ ಹಳೆ ಮರದ ದೋಣಿಗಳಲ್ಲಿ ಜೀವ ಅಂಗೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಹೋದ ಮಳೆಗಾಲದಲ್ಲಿ ಅಂಥದೊಂದು ದೋಣಿ ನಡುನೀರಿನಲ್ಲಿ ಬಾಯಿಬಿಟ್ಟಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸುದ್ದಿ ಕೇಳಿದ ದಿನ ಕೊಡೆಯಮ್ಮ ಊಟ ಮಾಡಲಿಲ್ಲ, ಮರುದಿನವೇ ದೋಣಿ ಕಟ್ಟುವವನನ್ನು ಕರೆಸಿದಳು.

ಎರಡು ಅಂತಸ್ತಿನ ಕಬ್ಬಿಣದ ದೋಣಿ. ಕೆಳಗೆ ಮೋಟರ್‌ಸೈಕಲ್ಲು, ಮೂಟೆ, ಮೇಲೆ ಜನ. ಯಾವ ಬಣ್ಣ ಹೊಡೆಯಲಿ ಎಂದು ಅವನು ಕೇಳಿದ. “ಬಣ್ಣ ಏನಾದ್ರೂ ಹೊಡ್ಕೋ. ಜನ ಎಲ್ಲ ಒಂದೇ ಕಡೆ ಬಂದು ನಿಂತ್ರೆ ಏನಾಗತ್ತೆ, ಅದು ಹೇಳು” ಎಂದಳು ಕೊಡೆಯಮ್ಮ. ಅವನು ನಕ್ಕ. “ಅಷ್ಟು ಜನ ಯಾಕಮ್ಮ ಒಂದೇ ಕಡೆ ಬಂದು ನಿಲ್ತಾರೆ?”

ಸೊಸೆಯ ಜೊತೆ ಒಪ್ಪಂದವಾಗಿತ್ತು. ಜೆಟ್ಟಿಯ ಮೇಲೆ ರಿಬ್ಬನ್ ಕತ್ತರಿಸುವುದು, ಕೈಬೀಸುವುದು, ಕಾರು ಹತ್ತಿ ಮನೆಗೆ ಬರುವುದು. ದೋಣಿಯ ಒಳಗೆ ಕಾಲಿಡುವ ಮಾತೇ ಇಲ್ಲ.

ಆ ಬೆಳಗ್ಗೆ ಜೆಟ್ಟಿಯಲ್ಲಿ ಜನವೋ ಜನ. ಆಚೆ ದಡದ ಅರ್ಧ ಊರು ಈಚೆಗೆ ಬಂದಿತ್ತು. ಕೊಡೆಯಮ್ಮ ರಿಬ್ಬನ್ ಕತ್ತರಿಸಿದಳು, ಚಪ್ಪಾಳೆ ಬಿತ್ತು, ಫೋಟೋ ಆಯಿತು. ಆಮೇಲೆ ಒಬ್ಬರೂ ದೋಣಿ ಹತ್ತಲಿಲ್ಲ. ಹಲಗೆಯವರೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತುಬಿಟ್ಟರು. ಪಕ್ಕದಲ್ಲಿ ಹಳೆ ದೋಣಿಯವರು ಇದೇ ಸಮಯವೆಂದು “ಬನ್ನಿ, ಬನ್ನಿ” ಎಂದು ಕೂಗತೊಡಗಿದ್ದರು.

ಕಾರ್ಖಾನೆಯಲ್ಲಿ ಬಟನ್ ಹಚ್ಚುವ ಹೆಂಗಸೊಬ್ಬಳು ಮುಂದೆ ಬಂದಳು. “ತಪ್ಪು ತಿಳ್ಕೋಬೇಡಿ ಅಮ್ಮ. ನೀವು ಹತ್ತಲ್ವಂತೆ, ಹೌದಾ?”

“ನನಗೆ ವಯಸ್ಸಾಯ್ತಲ್ಲ” ಎಂದಳು ಕೊಡೆಯಮ್ಮ.

“ಅದಲ್ಲ ಅಮ್ಮ. ಹಡಗು ಮುಳುಗೋದನ್ನ ಕಣ್ಣಾರೆ ಕಂಡವರು ನೀವು. ಕೊಟ್ಟವರೇ ಹತ್ತಲ್ಲ ಅಂದ್ರೆ ಇದರಲ್ಲಿ ಏನೋ ಐಬು ಇದೆ ಅಂತ ನಮ್ಮ ಕಡೆ ಎಲ್ಲ ಮಾತಾಡ್ಕೋತಿದಾರೆ. ನಮಗೆ ಹಳೇದೇ ಸಾಕು ಬಿಡಿ.”

ಕೊಡೆಯಮ್ಮ ತನ್ನ ಹೆದರಿಕೆ ತನ್ನೊಬ್ಬಳದೆಂದು ಇಷ್ಟು ವರ್ಷ ತಿಳಿದಿದ್ದಳು. ಅದು ಈಗ ಇಡೀ ಊರಿಗೆ ಅಂಟಿಕೊಂಡು ನಿಂತಿತ್ತು. ತಾನು ಕಾರು ಹತ್ತಿ ಮನೆಗೆ ಹೋದರೆ ಇವರು ಆ ತೇಪೆಯ ದೋಣಿ ಹತ್ತುತ್ತಾರೆ, ನಾಳೆಯೂ ಹತ್ತುತ್ತಾರೆ, ಮುಂದಿನ ಮಳೆಗಾಲದಲ್ಲೂ ಹತ್ತುತ್ತಾರೆ.

“ಅತ್ತೆ, ಹೋಗಿ ಬರೋದು ಅಷ್ಟೇ” ಎಂದಳು ಸೊಸೆ ಕಿವಿಯಲ್ಲಿ. “ಕಣ್ಮುಚ್ಚಿ ಕಣ್ಬಿಡೋದ್ರೊಳಗೆ ಆಚೆ ದಡ. ಇವತ್ತಿಗೆ ನಿಮ್ಮ ಹೆದರಿಕೆಗೂ ರಿಬ್ಬನ್ ಕತ್ತರಿಸಿದ ಹಾಗೆ ಆಗತ್ತೆ.” ಸೊಸೆ ಒಳ್ಳೆಯವಳೇ. ಹುಷಾರಿ, ಮಾತುಗಾರ್ತಿ. ಹೆದರಿಕೆ ಎನ್ನುವುದು ಪುಕ್ಕಲರ ಅಭ್ಯಾಸವೆಂದು ತಿಳಿದವಳು, ಅಷ್ಟೇ.

ಕೊಡೆಯಮ್ಮ ಹಲಗೆಯ ಮೇಲೆ ಕಾಲಿಟ್ಟಳು. ಹಲಗೆ ಅಲುಗಿತು. ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ ಇಟ್ಟಳು. ಅಷ್ಟೇ ತಡ, ಹಿಂದಿನಿಂದ ಜನ ಕಟ್ಟೆಯೊಡೆದಂತೆ ನುಗ್ಗಿದರು. ಕ್ಯಾಪ್ಟನ್ “ಸಾಕು, ಸಾಕು” ಎಂದು ಕೈಯಾಡಿಸುತ್ತಲೇ ಇದ್ದ, ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮೇಲಂತಸ್ತಿನಲ್ಲಿ ಎಡಪಕ್ಕದ ಕಂಬಿಯ ಬದಿಗೆ ದೊಡ್ಡ ಕುರ್ಚಿಯೊಂದನ್ನು ಹಾಕಿದ್ದರು. ದಡದಲ್ಲಿದ್ದವರಿಗೂ ಕಾಣಲೆಂದು ಸೊಸೆಯೇ ಮಾಡಿಸಿದ ಏರ್ಪಾಡು. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ನೀರಿನ ಬಾಟಲಿ. ಕೊಡೆಯಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತಳು. ಎಂಜಿನ್ ಗುಡುಗಿತು, ಜೆಟ್ಟಿ ಹಿಂದೆ ಸರಿಯಿತು. ಆಕೆ ನೀರನ್ನು ನೋಡಲಿಲ್ಲ, ಬಾಟಲಿಯನ್ನು ನೋಡಿದಳು. ಬಾಟಲಿಯೊಳಗಿನ ನೀರು ಮಟ್ಟಸವಾಗಿ ನಿಂತಿತ್ತು. ಪರವಾಗಿಲ್ಲ ಎಂದುಕೊಂಡಳು.

ಮೊದಲು ಬಂದದ್ದು ಆ ಬಟನ್ ಹಚ್ಚುವ ಹೆಂಗಸು, ಕಣ್ಣೊರೆಸಿಕೊಂಡು ಕೈ ಹಿಡಿದುಕೊಂಡಳು. ಅವಳ ಹಿಂದೆ ಅವಳ ಅಕ್ಕತಂಗಿಯರು. ಅವರ ಹಿಂದೆ ಕೂಸನ್ನು ಎತ್ತಿಕೊಂಡ ತಾಯಂದಿರು, ಆಸ್ಪತ್ರೆಯಲ್ಲಿ ಬದುಕಿ ಬಂದವರು, ಶಾಲೆಯಲ್ಲಿ ಓದಿ ದೊಡ್ಡವರಾದವರು. ಬಲಪಕ್ಕದ ಬೆಂಚುಗಳಲ್ಲಿ ಕೂತವರಿಗೆ ಏನೂ ಕಾಣದೆ ಅವರೂ ಎದ್ದು ಬಂದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಇಣುಕುತ್ತಿದ್ದರು. ಇಷ್ಟು ಪ್ರೀತಿಯನ್ನು ಒಂದೇ ಜಾಗದಲ್ಲಿ ಕೊಡೆಯಮ್ಮ ಎಂದೂ ಕಂಡಿರಲಿಲ್ಲ. ಬಾಟಲಿಯೊಳಗೆ ನೀರು ಒಂದು ಕಡೆ ಏರಿತ್ತು, ಇನ್ನೊಂದು ಕಡೆ ಇಳಿದಿತ್ತು.

“ಎಲ್ಲರೂ ಹೋಗಿ ಕೂತ್ಕೊಳ್ಳಿ” ಎಂದಳು. ದೊಡ್ಡತನ ಎಂದುಕೊಂಡು ಜನ ಇನ್ನಷ್ಟು ಕರಗಿ ಇನ್ನಷ್ಟು ಹತ್ತಿರ ಬಂದರು.

ಆಚೆ ದಡದ ಸಂಘದ ಅಧ್ಯಕ್ಷ ಮೈಕು ಹಿಡಿದು ಪಕ್ಕದಲ್ಲೇ ಇದ್ದ, ಮೈಕು ಸಿಕ್ಕರೆ ಊಟ ಬೇಡದ ಮನುಷ್ಯ. “ಇವರನ್ನ ಆ ಕಡೆ ಕಳಿಸಪ್ಪ” ಎಂದಳು ಆಕೆ. ಅವನಿಗೆ ಏನು ಅರ್ಥವಾಯಿತೋ, “ಅಮ್ಮನವರು ಎಲ್ಲರನ್ನೂ ನೋಡ್ಬೇಕಂತೆ, ಹಿಂದಿರೋರು ಒಬ್ಬೊಬ್ಬರಾಗಿ ಮುಂದೆ ಬನ್ನಿ” ಎಂದು ಘೋಷಿಸಿದ. ಹಿಂದಿದ್ದವರೆಲ್ಲ ಮುಂದೆ ಬಂದರು. ಬಾಟಲಿ ಸ್ಟೂಲಿನ ಮೇಲೆ ತಾನಾಗಿ ಜಾರಿ ಅಂಚಿನಲ್ಲಿ ಒಂದು ಕ್ಷಣ ನಿಂತು ಕೆಳಗೆ ಬಿತ್ತು. ಯಾರೋ ಅದನ್ನು ಎತ್ತಿ, ಒರೆಸಿ, ಭಕ್ತಿಯಿಂದ ಮತ್ತೆ ಅಲ್ಲೇ ಇಟ್ಟರು.

ಇದು ಆ ವಾಲುವಿಕೆಯೇ. ಕೊಡೆಯಮ್ಮನ ಮೈಗೆ ನೆನಪಿತ್ತು. ಕೂಗಿಬಿಡೋಣವೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೂಗಿದರೆ ಏನಾಗುತ್ತದೆಂದು ಆ ದೋಣಿಯಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಕ್ಯಾಪ್ಟನ್ ಚುಕ್ಕಾಣಿಯನ್ನು ಸಹಾಯಕನ ಕೈಗೆ ಕೊಟ್ಟು ಜನರ ನಡುವೆ ತೂರಿಕೊಂಡು ಬಂದು ಆಕೆಯ ಕಿವಿಯ ಹತ್ತಿರ ಬಗ್ಗಿದ. ಮುಖದಲ್ಲಿ ನಗು ಇಟ್ಟುಕೊಂಡಿದ್ದ, ಹಣೆಯ ತುಂಬ ಬೆವರಿತ್ತು.

“ಅಮ್ಮ, ಗಾಬರಿ ಆಗ್ಬೇಡಿ.”

“ಆಗಿದ್ದು ಆಗಿದೆ. ವಿಷಯ ಹೇಳಪ್ಪ.”

“ಮುಂದೆ ಮರಳು ದಿಬ್ಬ ಇದೆ. ಅದನ್ನ ಬಳಸ್ಕೊಂಡು ಹೋಗೋಕೆ ನಾನು ಬಲಕ್ಕೆ ತಿರುಗಿಸ್ಲೇಬೇಕು. ತಿರುಗಿಸಿದಾಗ ದೋಣಿ ಎಡಕ್ಕೆ ಇನ್ನೂ ಬಗ್ಗತ್ತೆ. ಅಷ್ಟರೊಳಗೆ ಈ ಜನ ಇಲ್ಲಿಂದ ಚದುರ್ಬೇಕು.”

“ನಿಲ್ಲಿಸೋಕಾಗಲ್ವಾ?”

“ಸೆಳೆತ ಜೋರಿದೆ. ನಿಲ್ಸಿದ್ರೆ ಅದೇ ನಮ್ಮನ್ನ ದಿಬ್ಬಕ್ಕೆ ತಳ್ಳತ್ತೆ.”

“ನಾನೇ ಎದ್ದು ಬಲಗಡೆ ಹೋಗ್ಲಾ?”

ಕೇಳಿದವಳೇ ತಾನೇ ತಲೆಯಾಡಿಸಿದಳು. ತಾನು ಹೋದರೆ ಅಷ್ಟೂ ಜನ ಒಟ್ಟಿಗೆ ಹಿಂದೆ ಬರುತ್ತಾರೆ. ದೋಣಿ ತೂಗಿಕೊಂಡು ಹೋಗಿ ಅತ್ತ ಮಗುಚುತ್ತದೆ. ಇಲ್ಲಿ ಕೂತರೂ ಸಾವು, ಅಲ್ಲಿ ಹೋದರೂ ಸಾವು. ಆಕೆ ಕಣ್ಣಿಗೆ ಕಾಣಿಸದೆ ಇದ್ದರೆ ಮಾತ್ರ ಜನ ಅವರವರ ಜಾಗಕ್ಕೆ ಹೋಗುತ್ತಾರೆ.

“ಕಾಣದ ಹಾಗೆ ಕೂರೋಕೆ ಜಾಗ ಎಲ್ಲಿದೆ?” ಎಂದು ಕೇಳಿದಳು.

ಕ್ಯಾಪ್ಟನ್ ಮೆಟ್ಟಿಲ ಕಡೆ ನೋಡಿದ. ಬಾತ್‌ರೂಮು ಕೆಳಗೆ ಎಡಮೂಲೆಯಲ್ಲೇ ಇತ್ತು, ಆಕೆ ಅಲ್ಲೇ ಬಹಳ ಹೊತ್ತು ಕೂತರೆ ಜನ ಬಾಗಿಲಲ್ಲೇ ಮುತ್ತಿಕೊಂಡು ಕಾಯುತ್ತಾರೆ. “ಎಂಜಿನ್ ರೂಮೊಂದೇ ಅಮ್ಮ. ಕೆಳಗಡೆ, ಮಧ್ಯದಲ್ಲಿ. ಮುಚ್ಚಳ ಎತ್ತಿ ಇಳೀಬೇಕು. ಇಳಿದ್ಮೇಲೆ ಮುಚ್ಚಳ ಹಾಕ್ಲೇಬೇಕು. ಯಾರಾದ್ರೂ ಬಗ್ಗಿ ನೋಡಿದ್ರೆ ಸಾಕು, ಸುದ್ದಿ ಹಬ್ಬಿ ಎಲ್ಲ ಮೆಟ್ಟಿಲಿಗೆ ನುಗ್ತಾರೆ. ಮೆಟ್ಟಿಲೂ ಇದೇ ಎಡಗಡೆ ಇದೆ.”

ನೀರಿಗಿಂತ ಕೆಳಗಿನ ಕೋಣೆ. ಒಂದೇ ಬಾಗಿಲು, ಅದೂ ತಲೆಯ ಮೇಲೆ. ಬೇಡ, ಇಲ್ಲೇ ಗಾಳಿಯಲ್ಲಿ, ಬೆಳಕಿನಲ್ಲಿ ಮುಳುಗಿದರೆ ಮುಳುಗಲಿ ಎಂದು ಒಂದು ಕ್ಷಣ ಮನಸ್ಸು ಹೇಳಿತು. ಆದರೆ ಆಕೆಯ ಮಡಿಲಲ್ಲಿ ಯಾರದೋ ಕೂಸು ಕೂತಿತ್ತು, ತಾಯಿ ಫೋಟೋಕ್ಕೆಂದು ಕೂರಿಸಿದ್ದಳು. ಕೂಸು ಆಕೆಯ ಕನ್ನಡಕಕ್ಕೆ ಕೈ ಹಾಕುತ್ತಿತ್ತು.

ಕೊಡೆಯಮ್ಮ ಕೂಸನ್ನು ತಾಯಿಗೆ ಕೊಟ್ಟು ಎದ್ದಳು. ಸುತ್ತ ಇದ್ದವರಿಗೆಲ್ಲ ಕೇಳುವಂತೆ, “ನನಗೆ ಬಾತ್‌ರೂಮಿಗೆ ಹೋಗ್ಬೇಕು” ಎಂದಳು.

ಆಸ್ಪತ್ರೆ ಕಟ್ಟಿಸಿದವಳು, ಶಾಲೆ ಕಟ್ಟಿಸಿದವಳು, ಆಚೆ ಈಚೆ ಎರಡೂ ದಡದ ತಾಯಿ, ಈ ಮಾತನ್ನು ಮೈಕಿನ ಪಕ್ಕದಲ್ಲೇ ನಿಂತು ಹೇಳಿದಳು. ಮೈಕು ಅದನ್ನು ದೋಣಿಯ ತುಂಬ ಹಂಚಿತು. ಜನ ಪಾಪ, ನಾಚಿಕೊಂಡು ಮುಖ ತಿರುಗಿಸಿ ದಾರಿ ಬಿಟ್ಟರು. ಅಂಥ ಕೆಲಸಕ್ಕೆ ಹೊರಟವರನ್ನು ಯಾರು ಹಿಂಬಾಲಿಸುತ್ತಾರೆ. ಸೊಸೆಯ ಮುಖ ಕೆಂಪಾಯಿತು. ಕೊಡೆಯಮ್ಮ ಅವಳ ಮುಂಗೈ ಹಿಡಿದು ಹತ್ತಿರ ಎಳೆದು, ಕ್ಯಾಪ್ಟನ್ ಹೇಳಿದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ಕೆಂಪಾಗಿದ್ದ ಮುಖ ಸುಣ್ಣದಂತಾಯಿತು. ಆದರೆ ಹುಡುಗಿ ಗಟ್ಟಿ. ಅಧ್ಯಕ್ಷನ ಕೈಯಿಂದ ಮೈಕು ಕಿತ್ತುಕೊಂಡು, “ಅತ್ತೆ ಈಗ ಬರ್ತಾರೆ. ಯಾರು ಯಾರು ಅವರವರ ಜಾಗದಲ್ಲಿ ಕೂತಿರ್ತಾರೋ ಅವರ ಹತ್ರ ಮಾತ್ರ ಬಂದು ಮಾತಾಡಿಸ್ತಾರೆ” ಎಂದು ಹೇಳಿ ಅತ್ತೆಯ ಹಿಂದೆ ಮೆಟ್ಟಿಲಿಳಿದಳು.

ಕೆಳಗೆ ಮೋಟರ್‌ಸೈಕಲ್ಲುಗಳ ನಡುವೆ ಕಬ್ಬಿಣದ ಮುಚ್ಚಳ. ಕ್ಯಾಪ್ಟನ್ ಎತ್ತಿದ. ಬಿಸಿಗಾಳಿ, ಎಣ್ಣೆಯ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ಕಬ್ಬಿಣದ ಏಣಿ ಕೆಳಗೆ ಹೋಗಿತ್ತು.

“ಅತ್ತೆ, ನಾನೂ ಬರ್ತೀನಿ” ಎಂದಳು ಸೊಸೆ.

“ನೀನು ಇದರ ಮೇಲೆ ನಿಂತ್ಕೋ. ಏನೇ ಆದ್ರೂ ಯಾರಿಗೂ ತೆಗೆಯೋಕೆ ಬಿಡ್ಬೇಡ. ಏನೇ ಆದ್ರೂ. ತಿಳೀತಾ?”

ಸೊಸೆ ತಲೆಯಾಡಿಸಿದಳು. ಕೊಡೆಯಮ್ಮ ಹಿಮ್ಮುಖವಾಗಿ ಏಣಿ ಇಳಿದಳು. ತಲೆಯ ಮೇಲೆ ಬೆಳಕು ಚೌಕವಾಯಿತು, ಗೆರೆಯಾಯಿತು, ಹೋಯಿತು.

ಒಳಗೆ ತಂತಿಬಲೆ ಹಾಕಿದ ಒಂದು ದೀಪ. ಎಂಜಿನ್ನಿನ ಮೇಸ್ತ್ರಿ ಮಾತ್ರ ಇದ್ದ, ಸದ್ದಿನಲ್ಲೇ ಬದುಕಿ ಅರೆಕಿವುಡನಾದ ಮುದುಕ. ಇಷ್ಟು ದೊಡ್ಡ ಅತಿಥಿ ತನ್ನ ಗೂಡಿಗೆ ಯಾಕೆ ಬಂದಳೆಂದು ತಿಳಿಯದೆ, ಡಬ್ಬಿಯೊಂದನ್ನು ಬೋರಲು ಹಾಕಿ, ಹೆಗಲ ಬಟ್ಟೆಯಿಂದ ಒರೆಸಿ ತೋರಿಸಿದ. ಕೊಡೆಯಮ್ಮ ಕೂರಲಿಲ್ಲ, ಏಣಿಯನ್ನು ಬಿಡಲು ಆಗಲಿಲ್ಲ. ಎರಡನೆಯ ಮೆಟ್ಟಿಲ ಮೇಲೆ ನಿಂತು ಮುಚ್ಚಳಕ್ಕೆ ತಲೆ ತಾಗಿಸಿಕೊಂಡೇ ಇದ್ದಳು. ಎದುರಿಗೆ ಕೊಳವೆಯಿಂದ ಎಣ್ಣೆಬಟ್ಟೆಯೊಂದು ನೇತಾಡುತ್ತಿತ್ತು. ಬಟ್ಟೆ ಗೋಡೆಯಿಂದ ಅಡ್ಡಕ್ಕೆ ಸರಿದು ಓರೆಯಾಗಿ ನಿಂತಿತ್ತು.

ಜನ ಅವರವರ ಜಾಗಕ್ಕೆ ಹೋದರೋ ಇಲ್ಲವೋ ತಿಳಿಯುವ ದಾರಿ ಅದೊಂದೇ. ಆಕೆ ರೆಪ್ಪೆ ಮಿಟುಕಿಸದೆ ಬಟ್ಟೆಯನ್ನು ನೋಡಿದಳು. ಸ್ವಲ್ಪ ಇಳಿಯಿತು. ಇನ್ನೂ ಸ್ವಲ್ಪ ಇಳಿಯಿತು. ಕೂರುತ್ತಿದ್ದಾರೆ, ದೇವರೇ, ಕೂರುತ್ತಿದ್ದಾರೆ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ತಿರುವು. ಇಳಿಯುತ್ತಿದ್ದ ಬಟ್ಟೆ ನಿಂತಿತು, ಆಮೇಲೆ ಏರತೊಡಗಿತು. ಮುಂಚಿಗಿಂತ ಮೇಲಕ್ಕೆ ಏರಿತು. ತಳದಲ್ಲಿ ನಿಂತ ಕರಿನೀರು ಒಂದು ಮೂಲೆಗೆ ಓಡಿತು. ಮೇಸ್ತ್ರಿ ಕೊಳವೆ ಹಿಡಿದುಕೊಂಡು ಮೊದಲ ಸಲ ಆಕೆಯ ಮುಖ ನೋಡಿದ. ಮೇಲೆ ಏನೋ ಭಾರವಾದದ್ದು ಉರುಳಿ ಕಬ್ಬಿಣಕ್ಕೆ ಅಪ್ಪಳಿಸಿತು, ದೀಪ ಆರಿ ಹತ್ತಿತು.

ಆಗ ಕೊಡೆಯಮ್ಮನಿಗೆ ಇದು ಯಾವ ದೋಣಿ, ಯಾವ ವರ್ಷ ಎಂಬುದು ಮರೆತುಹೋಯಿತು. ಅಕ್ಕ ಇದ್ದದ್ದು ಇಲ್ಲಿ. ಹೀಗೇ ಬಿಸಿ ಇತ್ತು, ಹೀಗೇ ನೀರು ಮೂಲೆಗೆ ಓಡಿತ್ತು, ತಲೆಯ ಮೇಲೆ ಹೀಗೇ ಕಬ್ಬಿಣ ಇತ್ತು. ಎಷ್ಟು ಹೊತ್ತು ಹಾಗಿದ್ದಳೋ ಆಕೆಗೆ ತಿಳಿಯಲಿಲ್ಲ. ಮೇಸ್ತ್ರಿ ಬಂದು ತೋಳು ಹಿಡಿದು ಅಲ್ಲಾಡಿಸಿ ಬಟ್ಟೆಯ ಕಡೆ ಬೆರಳು ತೋರಿಸಿದಾಗ ಎಚ್ಚರವಾಯಿತು. ಬಟ್ಟೆ ನೆಟ್ಟಗೆ ತೂಗುತ್ತಿತ್ತು. ಮೇಸ್ತ್ರಿ ಬೊಚ್ಚುಬಾಯಿ ತೆರೆದು ನಕ್ಕು ಆಕೆಯ ಬಲಗೈಯನ್ನು ಮೆಲ್ಲಗೆ ಮುಚ್ಚಳದಿಂದ ಕೆಳಗಿಳಿಸಿದ. ಬೆರಳ ಗೆಣ್ಣುಗಳ ಚರ್ಮ ಸುಲಿದು ರಕ್ತ ಬಂದಿತ್ತು. ಯಾಕೆಂದು ಆಕೆಗೆ ಆಗಲೂ ಹೊಳೆಯಲಿಲ್ಲ.

ಎಂಜಿನ್ ನಿಂತಿತು. ಆಚೆ ದಡದ ಜೆಟ್ಟಿಗೆ ದೋಣಿ ತಾಗಿತು. ತಲೆಯ ಮೇಲೆ ನೂರಾರು ಕಾಲು ಹೊರಕ್ಕೆ ನಡೆದವು. ಈಗ ಮಾತೂ ಕೇಳಿಸುತ್ತಿತ್ತು. “ಬರ್ತೀನಿ ಅಂತ ಹೇಳಿ ಬರಲೇ ಇಲ್ಲ ನೋಡು” ಎಂದಿತು ಒಂದು ದನಿ. “ದೊಡ್ಡವರು ಹೀಗೇ ಬಿಡು” ಎಂದಿತು ಇನ್ನೊಂದು. “ದೊಡ್ಡಸ್ತಿಕೆ ಏನಲ್ಲ, ಹೆದ್ರಿಕೊಂಡು ಬಾತ್‌ರೂಮಲ್ಲಿ ಕೂತಿದಾರೆ” ಎಂದು ಮೂರನೆಯದು ಕಿಸಕ್ಕನೆ ನಕ್ಕಿತು. ಕೊಡೆಯಮ್ಮನಿಗೆ ಅದನ್ನು ಕೇಳಿ ಹಾಯೆನಿಸಿತು. ನಗುವವರು ಬದುಕಿದ್ದರು.

ಮುಚ್ಚಳ ತೆರೆಯಿತು. ತೆರೆದದ್ದು ಸೊಸೆ. ಮೇಲೆ ಹತ್ತಿ ಬಂದ ಕೊಡೆಯಮ್ಮ ಬಿದ್ದ ಮೋಟರ್‌ಸೈಕಲ್ಲಿನ ಪಕ್ಕದಲ್ಲಿ ಕುಸಿದು ಕೂತಳು. ಕೆಳಗಿನ ಅಂತಸ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ಇನ್ನೂ ಮೊಣಕಾಲೂರಿಯೇ ಇದ್ದಳು. ತನ್ನ ಪಾದಗಳನ್ನು ನೋಡಿಕೊಳ್ಳುತ್ತಿದ್ದಳು, ಅವು ಬೇರೆ ಯಾರವೋ ಎಂಬಂತೆ.

“ಅತ್ತೆ, ನೀವು ಬಡೀತಿದ್ರಿ” ಎಂದಳು.

ಕೊಡೆಯಮ್ಮ ತನ್ನ ಕೈ ನೋಡಿಕೊಂಡಳು.

“ನನ್ನ ಅಂಗಾಲಿಗೆ ತಾಗ್ತಿತ್ತು. ತಿರುವು ಶುರುವಾದಾಗಿಂದ ಮುಗಿಯೋವರೆಗೂ ಬಡೀತಾನೇ ಇದ್ರಿ. ಅಧ್ಯಕ್ಷರು ಮೆಟ್ಟಿಲಲ್ಲಿ ಬಗ್ಗಿ ಅಮ್ಮ ಎಲ್ಲಿ ಅಂತ ಕೇಳಿದ್ರು, ನಾನು ನಕ್ಕೊಂಡು ಏನೋ ಹೇಳಿ ಕಳಿಸ್ದೆ. ಕೆಳಗೆ ನೀವು ಬಡೀತಿದ್ರಿ, ನಾನು ಮೇಲೆ ನಿಂತ್ಕೊಂಡು ನಗ್ತಿದ್ದೆ. ತೆಗೀಲಿಲ್ಲ ಅತ್ತೆ. ಗೊತ್ತಿದ್ದೂ ತೆಗೀಲಿಲ್ಲ.”

“ತೆಗೀಬೇಡ ಅಂತ ನಾನೇ ಹೇಳಿದ್ದಲ್ವಾ. ತೆಗೆದಿದ್ರೆ ಎಲ್ಲರೂ ಹೋಗ್ತಿದ್ವಿ.”

“ಆದ್ರೂ” ಎಂದಳು ಸೊಸೆ.

ಆ ಒಂದು ಮಾತು ಕೊಡೆಯಮ್ಮನ ಎದೆಗೆ ನೇರವಾಗಿ ಬಂದು ನಾಟಿತು. ಅದರಾಚೆಗೆ ಬೇರೆ ಮಾತಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಇಷ್ಟು ವರ್ಷ ತಾನು ತನ್ನೊಳಗೇ ಹೇಳಿಕೊಂಡು ಬಂದದ್ದೂ ಅದನ್ನೇ. ಇವಳಿಗೆ ಈಗ ಎಲ್ಲವನ್ನೂ ಹೇಳಬಹುದು, ಜಗತ್ತಿನಲ್ಲಿ ಇವಳೊಬ್ಬಳಿಗೇ ಅರ್ಥವಾಗುತ್ತದೆ ಎನ್ನಿಸಿತು. ಹಡಗಿನ ಹೊಟ್ಟೆ, ಅಕ್ಕ, ಬಡಿತ ನಿಲ್ಲುವ ಮೊದಲೇ ತಾನು ಎದ್ದುಹೋದದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಸೊಸೆಯ ಮುಖ ನೋಡಿದಳು. ಮೂವತ್ತರ ಆಸುಪಾಸಿನ ಮುಖ, ಅಂದು ತನಗಿದ್ದ ವಯಸ್ಸಿಗಿಂತ ಸ್ವಲ್ಪ ಹೆಚ್ಚು. ಹೇಳಿದರೆ ತನ್ನ ಭಾರ ಇಳಿಯುತ್ತದೆ, ಅದು ಹೋಗಿ ಇವಳ ಮೇಲೆ ಕೂರುತ್ತದೆ. ಆ ಹೆದರಿಕೆ ಎಂಜಿನ್ ಕೋಣೆಯ ಹೆದರಿಕೆಗಿಂತ ದೊಡ್ಡದಾಗಿತ್ತು.

“ಇಲ್ಲಿ ಕೇಳು” ಎಂದಳು ಕೊಡೆಯಮ್ಮ. “ನಾನು ತೆಗಿ ಅಂತ ಬಡೀಲಿಲ್ಲ. ನೀನು ಮೇಲೆ ಇದೀಯಾ ಅಂತ ನೋಡೋಕೆ ಬಡಿದೆ. ನಿನ್ನ ಕಾಲು ಅಲುಗೋದು ನನಗೆ ಗೊತ್ತಾಗ್ತಿತ್ತು. ಇದಾಳೆ, ಹೋಗಿಲ್ಲ ಅಂತ ಧೈರ್ಯ ಬರ್ತಿತ್ತು. ಅದಕ್ಕೇ ಮತ್ತೆ ಮತ್ತೆ ಬಡಿದೆ.”

ಅದರಲ್ಲಿ ಒಂದು ಅಕ್ಷರವೂ ನಿಜವಿರಲಿಲ್ಲ. ಆ ಗದ್ದಲದಲ್ಲಿ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಮುಚ್ಚಳದ ಮೇಲೆ ಯಾರಿದ್ದಾರೆ ಎಂಬ ನೆನಪೂ ಆಕೆಗೆ ಇರಲಿಲ್ಲ.

ಸೊಸೆ ತಲೆಯೆತ್ತಿದಳು. “ನಿಜವಾಗ್ಲೂ ಗೊತ್ತಾಗ್ತಿತ್ತಾ ಅತ್ತೆ?”

“ಗೊತ್ತಾಗ್ತಿತ್ತು” ಎಂದಳು ಕೊಡೆಯಮ್ಮ. “ಕೆಳಗಿದ್ದವರಿಗೆ ಗೊತ್ತಾಗತ್ತೆ.”

ಸೊಸೆ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಕೊಡೆಯಮ್ಮ ಸುಲಿದ ಕೈಯಿಂದ ಅವಳ ತಲೆ ನೇವರಿಸುತ್ತ, ತಾನೀಗ ಹೇಳಿದ ಮಾತನ್ನು ತನಗೂ ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೇ ಎಂದು ಯೋಚಿಸುತ್ತ ಕೂತಳು.